ಹೂಂಗುಟ್ಟುವ ಅಮ್ಮ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಎಲೆಅಡಿಕೆಯದು. ನನಗೆ ‘ಹೂಂ’ ಎನ್ನುವ ಚಟ. ಅದು ಚಟವೆಂದು ನನಗೆ ತಿಳಿದದ್ದೇ ಇತ್ತೀಚೆಗೆ. ಅಲ್ಲಿಯವರೆಗೆ ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುವವಳು ಎಂದು ನೆಂಟರಿಷ್ಟರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕುಂದಾಪುರದ ಅಕ್ಕ ಫೋನಿನಲ್ಲಿ ಸೊಸೆಯ ಪುರಾಣ ಬಿಚ್ಚಿದಾಗ ನಾನು ಇತ್ತ ತೊಂಡೆಕಾಯಿ ಹೆಚ್ಚುತ್ತ ಹೂಂ ಎನ್ನುತ್ತಿದ್ದೆ. ನಮ್ಮವರು ಊಟಕ್ಕೆ ಕೂತು, ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿಯ ವಿಷಯಕ್ಕೆ ಯಾರು ಯಾರನ್ನು ಬೈದರೆಂದು ವಿವರಿಸುವಾಗಲೂ ಹೂಂ. ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ನಮ್ಮ ದಾಂಪತ್ಯ ಇಷ್ಟು ವರ್ಷ ಸುಸೂತ್ರವಾಗಿ ನಡೆದದ್ದು ಅದರ ಬಲದಿಂದಲೇ ಎಂದರೆ ತಪ್ಪಾಗಲಾರದು.

ನನ್ನ ಈ ಚಟವನ್ನು ಪತ್ತೆ ಹಚ್ಚಿದವಳು ಮೃಣಾಲ್ ಎಂಬ ಮರಾಠಿ ಹುಡುಗಿ. ನಮ್ಮ ಮಗ ಸುಮಂತನಿಗೆ ಆಟಿಸಂ ಇದೆ. ಇಪ್ಪತ್ತೈದು ದಾಟಿದ್ದಾನೆ, ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯಬೇಕಾದಷ್ಟು ಎತ್ತರ. ಮಾತು ಕಡಿಮೆ; ಆಡಿದರೂ ಇಲ್ಲಿ ಹುಟ್ಟಿದ ಮಕ್ಕಳೆಲ್ಲರ ಹಾಗೆ ಹಿಂದಿಯಲ್ಲಿ. ಖಾರಘರದಲ್ಲಿ ಇಂಥ ಮೂವರು ಹುಡುಗರು ಒಂದೇ ಫ್ಲ್ಯಾಟಿನಲ್ಲಿದ್ದು ತಮ್ಮಷ್ಟಕ್ಕೆ ಬದುಕಲು ಕಲಿಯುವ ಏರ್ಪಾಡೊಂದಿದೆ. ಅಲ್ಲಿ ಒಬ್ಬನ ಜಾಗ ಖಾಲಿಯಾಗಿತ್ತು. ಆದರೆ ಸೇರುವವನಿಗೆ ಚಹಾ, ಅನ್ನ, ಬಟ್ಟೆಬರೆಯ ಕೆಲಸವಾದರೂ ಗೊತ್ತಿರಬೇಕು. ಅದನ್ನು ಕಲಿಸಲು ಅಲ್ಲಿ ಕೆಲಸ ಮಾಡುವ ಮೃಣಾಲ್ ನಮ್ಮ ಮನೆಗೆ ಬರತೊಡಗಿದಳು. ನನ್ನನ್ನು ಬಾಯಿ ತುಂಬ ಕಾಕು ಎಂದು ಕರೆಯುತ್ತಾಳೆ, ಅಂದರೆ ಚಿಕ್ಕಮ್ಮ. ಗದರಿಸುವುದು ಮಾತ್ರ ಅತ್ತೆಯ ಹಾಗೆ. ನಮ್ಮಿಬ್ಬರಿಗೂ ವಯಸ್ಸಾಗುತ್ತಿದೆ, ನಾವು ಹೋದ ಮೇಲೆ ಇವನ ಗತಿ ಏನು ಎಂಬ ಯೋಚನೆ ನನ್ನ ಎದೆಯ ಮೇಲೆ ಕೂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಅವಳ ಗದರಿಕೆಗೂ ಹೂಂ ಎಂದೆ.

ಸುಮಂತ ಚಹಾ ಮಾಡುವುದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿ ಎಂದಳು ಒಮ್ಮೆ. ಕಳಿಸಿದೆ. ಎಷ್ಟು ಚೆನ್ನಾಗಿ ಮಾಡಿದ್ದ ಎಂದರೆ, ನೆಂಟರಿಗೂ ನಾಲ್ಕು ಮಂದಿಗೆ ಕಳಿಸಿಬಿಟ್ಟಿದ್ದೆ. ಮರುದಿನ ಬಂದವಳೇ ವಿಡಿಯೋದ ದನಿ ಜೋರು ಮಾಡಿ ಕೇಳಿದಳು, “ಕಾಕು, ಯೇ ಹೂಂ ಹೂಂ ಕೌನ್ ಕರ್ ರಹಾ ಹೈ?”

ಹೂಂಗುಟ್ಟುವವರು ಯಾರೆಂದು ಕಿವಿಗೊಟ್ಟು ಕೇಳಿದೆ. ಅವನು ಪಾತ್ರೆ ಇಡುತ್ತಾನೆ, ಹಿಂದಿನಿಂದ ಹೂಂ. ನೀರು ಹಾಕುತ್ತಾನೆ, ಹೂಂ. ಸಕ್ಕರೆ, ಹೂಂ. ಎಮ್ಮೆಯೊಂದು ಅಡುಗೆಮನೆಗೆ ನುಗ್ಗಿದ ಹಾಗಿತ್ತು. ನಾನಲ್ಲ ಎನ್ನಲು ಬಾಯಿ ತೆರೆದರೆ ಬಂದದ್ದೂ ಅದೇ. ಮೃಣಾಲ್ ನನ್ನನ್ನು ಬಾಗಿಲಾಚೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಅವನಿಗೆ ಚಹಾ ಮಾಡಲು ಹೇಳಿದಳು. ಬಾಗಿಲ ಸಂದಿಯಿಂದ ಇಣುಕಿದರೆ, ಸುಮಂತ ಚಹಾಪುಡಿಯ ಚಮಚ ಹಿಡಿದು ನಿಂತೇ ಇದ್ದಾನೆ. ಹಾಲು ಉಕ್ಕಿತು, ಒಲೆಯ ಮೇಲೆ ಚೆಲ್ಲಿತು, ನಿಂತೇ ಇದ್ದ. ಕಟ್ಟೆಯೆಲ್ಲ ಹಾಲಾಗುವುದನ್ನು ನೋಡಲಾರದೆ ನಾನು ಹೊರಗಿನಿಂದ ಹೂಂ ಎಂದೆ. ಒಳಗೆ ಚಹಾಪುಡಿ ಬಿತ್ತು.

ನನ್ನ ಮಗ ಚಹಾ ಮಾಡಲು ಕಲಿತಿರಲಿಲ್ಲ, ನನ್ನ ಹೂಂಗೆ ಕಾಯಲು ಕಲಿತಿದ್ದ. ನಾನಿಲ್ಲದ ಮನೆಯಲ್ಲಿ ಅವನು ಹಾಗೆಯೇ ಚಮಚ ಹಿಡಿದು ನಿಂತಿರುತ್ತಾನೆಂದು ಯೋಚಿಸಿ ಆ ದಿನ ನನಗೆ ಊಟ ಸೇರಲಿಲ್ಲ. ಹೂಂ ಬಿಡುತ್ತೇನೆಂದು ಮೃಣಾಲ್‌ಗೆ ಮಾತು ಕೊಟ್ಟೆ.

ಬಿಟ್ಟ ಮೇಲೆ ಮನೆಯಲ್ಲಿ ಆದ ರಂಪ ಹೇಳತೀರದು. ಅಕ್ಕ ಲೈನು ಕಡಿದುಹೋಯಿತೆಂದು ಮತ್ತೆ ಮತ್ತೆ ಫೋನು ಮಾಡಿ ಸೊಸೆಯ ಕಥೆಯನ್ನು ಮೊದಲಿನಿಂದ ಶುರುಮಾಡತೊಡಗಿದಳು. ನಮ್ಮವರು ಒಂದು ರಾತ್ರಿ ಮಾತು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರು. “ಅಲ್ಲ ಮಾರಾಯ್ತಿ, ಇಷ್ಟು ವರ್ಷ ನೀನು ನಾನು ಹೇಳಿದ್ದು ಕೇಳ್ತಾ ಇದ್ದದ್ದಾ, ಅಲ್ಲ ಬರೀ ಹೂಂ ಹೇಳ್ತಾ ಇದ್ದದ್ದಾ?” ಎಂದರು. ನಾನು ಸಾರು ಬಡಿಸಿದೆ. ಕೊನೆಗೆ ಉಪಾಯ ಹೇಳಿಕೊಟ್ಟವರೂ ಅವರೇ. ಮಗ ಒಲೆಯ ಮುಂದೆ ನಿಂತಾಗ ನಾನು ಬಾಯಿ ತುಂಬ ನೀರು ತುಂಬಿಕೊಂಡು ಕೂರಬೇಕು. ಹಾಗೆ ಕೂತಿದ್ದಾಗಲೇ ಪಕ್ಕದ ಮನೆಯ ಶಿಂದೆಬಾಯಿ ಬಂದು, ನನ್ನ ಉಬ್ಬಿದ ಕೆನ್ನೆ ನೋಡಿ ಹಲ್ಲುನೋವೆಂದು ಲವಂಗದೆಣ್ಣೆ ಕೊಟ್ಟುಹೋದಳು.

ಅಂತೂ ಒಂದು ಬೆಳಿಗ್ಗೆ ಸುಮಂತ ಚಮಚ ಹಿಡಿದು ನಿಂತ. ನನ್ನತ್ತ ನೋಡಿದ. ನಾನು ನೀರು ತುಂಬಿದ ಬಾಯಲ್ಲಿ ಗೋಡೆ ನೋಡುತ್ತ ಕೂತೆ. ತುಂಬ ಹೊತ್ತಿನ ಮೇಲೆ ಅವನೇ ಪುಡಿ ಹಾಕಿದ, ಕುದಿಸಿದ, ಸೋಸಿದ. ನೀರು ನುಂಗಿದೆ. ಕುಣಿದಾಡಬೇಕಾಗಿತ್ತು. ಖುಷಿಯಾಗಲಿಲ್ಲವೆಂದಲ್ಲ. ಆದರೆ ಇನ್ನು ಮೇಲೆ ಅವನು ನನ್ನತ್ತ ಹಾಗೆ ತಿರುಗಿ ನೋಡುವುದಿಲ್ಲವಲ್ಲ ಎನಿಸಿತು.

ಅವನು ಖಾರಘರಕ್ಕೆ ಹೋದ. ಮನೆಯಲ್ಲಿ ನಾನು ಮೂವರ ಅಕ್ಕಿ ಅಳೆದು, ಒಬ್ಬನದನ್ನು ಡಬ್ಬಿಗೆ ವಾಪಸು ಸುರಿಯುತ್ತಿದ್ದೆ. ಅನ್ನಕ್ಕೆ ಸಾರು ತಾಗಕೂಡದು ಅವನಿಗೆ; ಅದಕ್ಕೆಂದೇ ಇಟ್ಟ ಬಟ್ಟಲು ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಅಲ್ಲಿ ಅವನು ನನ್ನನ್ನು ಹುಡುಕುತ್ತಾನೆಯೇ ಎಂದು ಕೇಳಲು ದಿನಕ್ಕೆ ನಾಲ್ಕಾರು ಸಲ ಮೃಣಾಲ್‌ಗೆ ಫೋನು ಮಾಡಿ ಅವಳ ಪ್ರಾಣ ತಿಂದೆ. ಚೆನ್ನಾಗಿದ್ದಾನೆ ಕಾಕು, ಎನ್ನುತ್ತಿದ್ದಳು. ಚೆನ್ನಾಗಿರಲಿ ಎಂದೇ ಕಳಿಸಿದ್ದು. ಆದರೂ ನನ್ನನ್ನು ಒಂದಿಷ್ಟು ನೆನೆಸಿಕೊಂಡು ಚೆನ್ನಾಗಿರಬಾರದೇ?

ಭಾನುವಾರ ಸಂಜೆ ಒಂದು ಗಂಟೆ ಹೊತ್ತು ಮಾತ್ರ ಹೋಗಬಹುದು, ಅದೂ ಅತಿಥಿಗಳಾಗಿ, ತಿಂಡಿ ಒಯ್ಯಕೂಡದು. ನಾನು ಬನ್ಸ್ ಮಾಡಿ ಸೆರಗಿನಡಿ ಬಚ್ಚಿಟ್ಟುಕೊಂಡು ಹೊರಟೆ. ನಮ್ಮವರಿಗೆ ಆ ದಿನ ಸೊಸೈಟಿ ಮೀಟಿಂಗು. ಥಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸ್ ದಾಟುವಷ್ಟರಲ್ಲಿ ಮೃಣಾಲಳ ಭಯ ಹತ್ತಿ, ಎಲ್ಲವನ್ನೂ ನಾನೇ ತಿಂದು ಮುಗಿಸಿದೆ.

ಬಾಗಿಲು ತೆರೆದವನು ಸುಮಂತನೇ. “ಬೈಠೋ” ಎಂದ. ಕೂತೆ. “ಚೀನೀ ಕಿತನೀ?” ಎಂದು ಕೇಳಿದ. ನಾನು ಸಕ್ಕರೆ ಬಿಟ್ಟು ವರ್ಷಗಳಾದವು, ಅವನಿಗೆ ಗೊತ್ತು. ಆದರೂ ಯಾರೋ ಪರಕೀಯಳನ್ನು ಕೇಳಿದ ಹಾಗೆ ಕೇಳಿ, ನನ್ನ ಉತ್ತರಕ್ಕೆ ಕಾದ. ಬೇಡ ಎಂದೆ. ಚಹಾ ತಂದುಕೊಟ್ಟ, ಎದುರು ಕೂತು ತಾನೂ ಕುಡಿದ. ಗಂಟೆ ಮುಗಿದದ್ದೇ ಎದ್ದು ಹೋಗಿ ಬಾಗಿಲು ತೆರೆದು ನಿಂತ. ಇನ್ನು ಹತ್ತು ನಿಮಿಷ ಇರಲಾ ಎಂದು ಕೇಳಬೇಕೆನಿಸಿದ್ದನ್ನು ನುಂಗಿಕೊಂಡು ಚಪ್ಪಲಿ ಹಾಕಿಕೊಂಡೆ. ಲಿಫ್ಟು ಬರುವಷ್ಟರಲ್ಲಿ ಹಿಂದಿನಿಂದ, ಕನ್ನಡದಲ್ಲಿ, ಅವನ ದನಿ ಕೇಳಿತು.

“ಅಮ್ಮ, ಮತ್ತೆ ಬಾ.”

ನನ್ನ ಮಗ ಅದುವರೆಗೆ ನನ್ನನ್ನು ಬಾ ಎಂದವನಲ್ಲ. ಎನ್ನುವುದಾದರೂ ಹೇಗೆ, ನಾನು ಅವನನ್ನು ಬಿಟ್ಟು ಎಲ್ಲಿಗೂ ಹೋಗಿರಲೇ ಇಲ್ಲವಲ್ಲ. ಖಾರಘರದಿಂದ ಡೊಂಬಿವಲಿಯವರೆಗೆ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತುಕೊಂಡು ಬಂದೆ.

ಮನೆಗೆ ಬಂದು ಹೇಳಿದರೆ ನಮ್ಮವರು ಕನ್ನಡಕ ಒರೆಸುತ್ತ, “ಬಂದವರಿಗೆಲ್ಲ ಹಾಗೆ ಹೇಳ್ಬೇಕು ಅಂತ ಕಲಿಸಿದ್ದಾರೋ ಎಂತದೋ. ಮೃಣಾಲ್‌ನ ಹತ್ರ ಕೇಳು” ಎಂದರು. ಅವಳಿಗೆ ಕನ್ನಡ ಬರುವುದಿಲ್ಲ ಎಂದೆ. “ನಿಮ್ಮ ಮನೆಭಾಷೆಯಲ್ಲಿ ಹೇಳು ಅಂತ ಹೇಳಿರ್ಬಹುದಲ್ಲ” ಎಂದರು.

ಇರಬಹುದು. ಕೇಳಿದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಆ ಸಂಜೆಯಿಂದ ನಾನು ಮೃಣಾಲ್‌ಗೆ ಫೋನು ಮಾಡಿಲ್ಲ, ಅವಳಾಗಿ ಮಾಡಿದರೂ ಎತ್ತುತ್ತಿಲ್ಲ. ಅವಳಿಗೆ ಬಹಳ ಸಂತೋಷವಾಗಿದೆಯಂತೆ. ಕಾಕು ಕೂಡ ಈಗ ಇಂಡಿಪೆಂಡೆಂಟ್ ಆಗಿದ್ದಾರೆ ಎಂದು ನಮ್ಮವರ ಹತ್ತಿರ ಹೊಗಳಿದಳಂತೆ.