ನಮ್ಮ ಮಾವನವರು ಯಾರ ಕಡೆ?

ನಮ್ಮ ಮಾವನವರಿಗೆ ಸ್ವಂತ ಅಭಿಪ್ರಾಯವೇ ಇಲ್ಲ! ಮೊದಲು ಇತ್ತಂತೆ. ಧಾರವಾಡದಿಂದ ಬಂದು ಅಮೆರಿಕದಲ್ಲಿ ಶಿಕಾಗೋ ಹತ್ತಿರದ ಲಿಸ್ಲ್‌ನ ನಮ್ಮನೆ ಸೇರಿದ ಮೇಲೆ ಹೊತ್ತು ಹೋಗದೆ ಮೀಡಿಯೇಶನ್ ತರಬೇತಿಗೆ ಹೋದರು ನೋಡಿ, ಅಲ್ಲಿ ಅಪೆಂಡಿಕ್ಸ್ ತೆಗೆದ ಹಾಗೆ ಅದನ್ನೂ ತೆಗೆದು ಕಳಿಸಿಬಿಟ್ಟರು. ಜಗಳ ಕೋರ್ಟಿಗೆ ಹೋಗದಂತೆ ರಾಜಿ ಮಾಡಿಸುವವರು ಯಾರ ಕಡೆಗೂ ವಾಲಬಾರದಲ್ಲ! ಇವರು ಸಾರಿನ ಕಡೆಗೂ ವಾಲುವುದಿಲ್ಲ.

"ಮಾವ, ಉಪ್ಪು ಸರಿಯಾಗಿದೆಯಾ?"

"ನಿನಗ ಏನನಸ್ತದವಾ?"

ಬೇಸಿಗೆಯಲ್ಲಿ ಎಸಿ ಅರವತ್ತೆಂಟು ಫ್ಯಾರನ್‌ಹೀಟ್‌ಗಿರಲಿ ಅಂತ ನನ್ನ ಗಂಡ, ಎಪ್ಪತ್ತೈದಕ್ಕಿರಲಿ ಅಂತ ನಾನು. ಮಾವ ಇಬ್ಬರನ್ನೂ ಡೈನಿಂಗ್ ಟೇಬಲ್ಲಿಗೆ ಕೂರಿಸಿ, "ಅರವತ್ತೆಂಟು ಅಂದ್ರ ನಿನ್ನ ಮನಸಿಗೆ ಏನು?" ಅಂತ ಮಗನನ್ನು ಕೇಳಿದರು. ನನ್ನ ಮಗಳು ಕಿರುಚಿದಳು: "ಅಜ್ಜಾ, ಜಸ್ಟ್ ಪಿಕ್ ಎ ನಂಬರ್!" ಅವಳಿಗೂ ಒಂದು ಕುರ್ಚಿ ಎಳೆದು ಕೂರಿಸಿದರು.

ಹೊರಗೆ ಮಾತ್ರ ಇವರಿಗೆ ಭಾರಿ ಡಿಮ್ಯಾಂಡು! ಹತ್ತಿರದ ಶಾಮ್‌ಬರ್ಗಿನಲ್ಲಿ ಮನೆ ಹಿಂದೆ ಮರದ ಡೆಕ್ ಕಟ್ಟಿಸಿದವರೂ ಕಟ್ಟಿದವರೂ ಅದರ ರೇಲಿಂಗ್ ವಿಷಯಕ್ಕೆ ಲಾಯರ್ ಹಿಡಿಯುವ ಮಟ್ಟಕ್ಕೆ ಹೋಗಿದ್ದರು. ಒಬ್ಬರನ್ನು ನಮ್ಮ ಬೇಸ್‌ಮೆಂಟಿನಲ್ಲಿ, ಇನ್ನೊಬ್ಬರನ್ನು ಮಹಡಿಯಲ್ಲಿ ಕೂರಿಸಿ, ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಒಯ್ಯುತ್ತ ಮಾವ ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು. ಮೊಣಕಾಲು ಹಿಡಿದು ಏದುಸಿರು ಬಿಡುವುದನ್ನು ನೋಡಲಾರದೆ ಡೆಕ್ ಕಟ್ಟಿದವರೇ, "ಬಿಡಿ ಅಂಕಲ್, ರೇಲಿಂಗ್ ಬಿಚ್ಚಿ ಮತ್ತೆ ಹಾಕ್ಕೊಡ್ತೀನಿ, ನೀವು ಮೊದ್ಲು ಕೂತ್ಕೊಳಿ," ಅಂದರು. ನಮ್ಮನೆಯಲ್ಲಿ ಲಿಫ್ಟ್ ಇದ್ದಿದ್ದರೆ ಆ ಕೇಸು ಇನ್ನೂ ನಡೆಯುತ್ತಿತ್ತು!

ಆಮೇಲೆ ನನ್ನ ಸರದಿ. ನಾನೂ ನನ್ನ ಗೆಳತಿಯೂ ನಮ್ಮ ಲಿವಿಂಗ್ ರೂಮಿನಲ್ಲಿ ಶುರು ಮಾಡಿ ಬೆಳೆಸಿದ ಡಾನ್ಸ್ ಸ್ಕೂಲು. ಅವಳು ಮಿಶಿಗನ್ನಿನ ನಾರ್ತ್‌ವಿಲ್‌ಗೆ ಮನೆ ಬದಲಾಯಿಸಿ ಅದೇ ಹೆಸರಲ್ಲಿ ಕ್ಲಾಸು ತೆರೆದಳು. ಹೆಸರು ತನ್ನದು, ನಾನು ಬಳಸಕೂಡದು ಅಂತ ಲಾಯರ್ ನೋಟಿಸನ್ನೂ ಕಳಿಸಿದಳು. ನಾನೂ ಲಾಯರ್ ಹುಡುಕತೊಡಗಿದೆ. ಆದರೆ ಕೋರ್ಟಿಗೆ ಹೋದರೆ ಸ್ಕೂಲೂ ಉಳಿಯುವುದಿಲ್ಲ, ಸ್ನೇಹವೂ ಉಳಿಯುವುದಿಲ್ಲ. ಮಾವನವರನ್ನೇ ಕೇಳಿಕೊಂಡೆ. "ಅಂಕಲ್ ಆದ್ರೆ ಓಕೆ, ಅವ್ರು ಸೊಸೆ ಅಂತೆಲ್ಲಾ ನೋಡಲ್ಲ," ಅಂತ ಅವಳೂ ಅಲ್ಲಿಂದ ಡ್ರೈವ್ ಮಾಡಿಕೊಂಡು ಬಂದಳು.

ಅವಳು ಕೆಳಗೆ ಬೇಸ್‌ಮೆಂಟಿನ ಮಾವನ ರೂಮಿನಲ್ಲಿ, ನಾನು ಮೇಲೆ. ನನ್ನ ಮಾತು ಕೇಳಿಕೊಂಡು ಇಳಿಯಲು ಹೊರಟ ಮಾವ ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟರು. ಮೊಣಕಾಲು ಕೈಕೊಟ್ಟಿತು ಅಂದುಕೊಂಡೆ. ಅವರು ಇಬ್ಬರನ್ನೂ ಲಿವಿಂಗ್ ರೂಮಿಗೆ ಕರೆದರು.

"ಈ ಕೇಸ್ ನಾ ಮಾಡಂಗಿಲ್ಲ. ಬ್ಯಾರೆ ಮೀಡಿಯೇಟರ್ ಹುಡುಕಿ ಕೊಡ್ತೀನಿ."

"ಯಾಕೆ ಅಂಕಲ್?" ಅಂದಳು ಗೆಳತಿ.

"ಇಕಿ ಪ್ರ್ಯಾಕ್ಟೀಸ್ ಮಾಡೋ ಸಪ್ಪಳ ಇಷ್ಟ್ ವರ್ಷ ಇಲ್ಲೇ ನನ್ನ ತಲಿ ಮ್ಯಾಲೆ ಕೇಳೀನವಾ. ಜ್ವರ ಬಂದಾಗೂ ಕುಣದಾಳ. ನನಗ ನಡುವ ನಿಂದ್ರಲಿಕ್ಕೆ ಆಗಂಗಿಲ್ಲ. ನಾ ಇಕಿ ಕಡೆ."

ಗೆಳತಿ ನನ್ನ ಮುಖವನ್ನೇ ನೋಡಿ, "ಅದೃಷ್ಟ ಮಾಡಿದೀಯ ಕಣೇ," ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಮುಂದೆ ಬೇರೊಬ್ಬ ಮೀಡಿಯೇಟರ್ ಮುಂದೆ ರಾಜಿಯಾಯಿತು: ಹೆಸರು ಇಬ್ಬರಿಗೂ, ಜೊತೆಗೆ ಅವರವರ ಊರಿನ ಹೆಸರು.

ಆದರೆ ಅವತ್ತು ಏನೂ ಇತ್ಯರ್ಥವಾಗದೆಯೇ ಮೂವರೂ ಊಟಕ್ಕೆ ಕೂತೆವು. ಮಾವ ಒಂದು ತುತ್ತು ತಿಂದು, ಯಾರೂ ಕೇಳದೆಯೇ ಹೇಳಿದರು:

"ಸಾರಿಗೆ ಉಪ್ಪು ಕಡಿಮಿ ಆಗೇದ."

ಈ ಮನೆಗೆ ಸೊಸೆಯಾಗಿ ಬಂದಮೇಲೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಉಪ್ಪಿನ ಡಬ್ಬಿ ತರಲು ಎದ್ದೆ.