ಭೂಕಂಪಕ್ಕೆ ಇಳಿದು ಬಾರದ ಹೆಂಡತಿ

ಮೇಷ್ಟ್ರು: (ಅಂಗಳದಿಂದ, ಕತ್ತೆತ್ತಿ) ಕೊನೇ ಸಲ ಹೇಳ್ತಿದೀನಿ ಕಣೇ, ಇಳಿದು ಬಾ.

ಹೆಂಡತಿ: (ಮೂರನೇ ಮಹಡಿಯ ಕಿಟಕಿಯಿಂದ) ಆಗಲೇ ಹೇಳಿದ್ದೂ ಕೊನೇ ಸಲಾನೇ. ಕೈಯಲ್ಲಿ ಕೆಲಸ ಇದೆ, ಬರ್ತೀನಿ ಇರಿ.

ಕಿಟಕಿ ಖಾಲಿಯಾಯಿತು. ಅವಳೊಬ್ಬಳನ್ನು ಬಿಟ್ಟರೆ ಇಡೀ ಕಟ್ಟಡ ಅಂಗಳದಲ್ಲಿತ್ತು: ಕುರ್ಚಿ, ಚಾಪೆ, ಪಂಜರದ ಗಿಳಿ, ಎರಡನೇ ಮಹಡಿಯ ಅಜ್ಜಿ ಸಮೇತ. ಎಲ್ಲರನ್ನೂ ಇಳಿಸಿದವರು ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ಬೆಳಗ್ಗೆ ಅವರ ರೇಡಿಯೋ ಎಂದೂ ಇಲ್ಲದ ಹಾಗೆ ಗೊರಗುಟ್ಟಿತ್ತು. ಅಂದರೆ ಮೇಲೆ ಅಯಾನುಗೋಳ ಕದಡಿದೆ. ಅಂದರೆ ಕೆಳಗೆ ಬಂಡೆಗಳು ಒತ್ತಡಕ್ಕೆ ಸಿಕ್ಕಿವೆ. ಅಂದರೆ ಸಂಜೆಯೊಳಗೆ ಭೂಮಿ ನಡುಗುತ್ತದೆ. ಈ ‘ಅಂದರೆ’ಗಳ ಜಾಗದಲ್ಲಿ ವಿಜ್ಞಾನಿಗಳು ಬಳಸುವ ‘ಇರಬಹುದೇನೋ’ಗಳನ್ನು, ಜನರಿಗೆ ಗೊಂದಲವಾದೀತೆಂದು ಮೇಷ್ಟ್ರು ಕೈಬಿಟ್ಟಿದ್ದರು.

ಕಟ್ಟಡದ ಸಂಘದ ಕಾರ್ಯದರ್ಶಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಕಾರ್ಯದರ್ಶಿ: ಮೇಷ್ಟ್ರೆ, ಈ ಅಯಾನುಗೋಳ ಇರೋದು ಎಲ್ಲಿ?

ಮೇಷ್ಟ್ರು: ತಲೆ ಮೇಲೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ. ವಿದ್ಯುತ್ತು ತುಂಬಿದ ಪದರ. ರೇಡಿಯೋ ಅಲೆ ಅದಕ್ಕೆ ತಾಗಿ ವಾಪಸ್ ಬರುತ್ತೆ.

ಕಾರ್ಯದರ್ಶಿ: ಗಲಾಟೆ ಮೇಲೆ ಆಗ್ತಿದ್ರೆ, ಸೂರು ಬಿಟ್ಟು ಬಯಲಿಗೆ ಬಂದ್ವಲ್ಲ, ಸರೀನಾ ಅದು?

ಮೇಷ್ಟ್ರು: ನಡುಗೋದು ಕೆಳಗೆ ರೀ. ಮೇಲಿರೋದು ಬರೀ ಸೂಚನೆ. ಹೊಟ್ಟೆ ಕೆಟ್ಟರೆ ಡಾಕ್ಟ್ರು ನಾಲಿಗೆ ನೋಡಲ್ವಾ?

ಕಾರ್ಯದರ್ಶಿ: ಒಂದು ನಾಲಿಗೆ ನೋಡಿ ಇಡೀ ಕಟ್ಟಡಾನೇ ಬಿಸಿಲಿಗೆ ಹಾಕಿದ ಡಾಕ್ಟ್ರನ್ನ ನಾನು ಕಾಣೆ.

ನೆಲಮಹಡಿಯ ದರ್ಜಿ, ಕೊರಳಲ್ಲಿ ಅಳತೆಪಟ್ಟಿ ಇದ್ದ ಹಾಗೇ, ನಡುವೆ ಬಾಯಿ ಹಾಕಿದ.

ದರ್ಜಿ: ಹಿಂದೆ ಯಾವತ್ತಾದ್ರೂ ನಿಜ ಆಗಿದ್ಯಾ ಇದು?

ಮೇಷ್ಟ್ರು: ಪ್ರತಿ ಸಲ. ಎಲ್ಲೇ ಭೂಕಂಪ ಆಗ್ಲಿ, ಹಿಂದಿನ ದಿನಗಳನ್ನ ನೆನೆಸಿಕೊಂಡ್ರೆ ರೇಡಿಯೋ ಗೊರಗುಟ್ಟೇ ಇರುತ್ತೆ.

ದರ್ಜಿ: ಭೂಕಂಪ ಆಗದೇ ಇದ್ದಾಗ?

ಮೇಷ್ಟ್ರು: ಆಗ ಯಾಕಯ್ಯಾ ನೆನೆಸಿಕೊಳ್ಳಲಿ?

ಕಾರ್ಯದರ್ಶಿ: ಹೋಗ್ಲಿ, ರಿಕ್ಟರ್ ಮಾಪಕದಲ್ಲಿ ಎಷ್ಟರದ್ದು ಬರುತ್ತೆ?

ಮೇಷ್ಟ್ರು: ಐದು.

ಕಾರ್ಯದರ್ಶಿ: ಐದು ಜಾಸ್ತಿ ಆಯ್ತು. ಈಗಷ್ಟೇ ಬಣ್ಣ ಹೊಡೆಸಿದೀವಿ. ಮೂರಕ್ಕೆ ಮುಗಿಸಿ.

ಮೇಷ್ಟ್ರು: ಮೂರು ಬಂದ್ರೆ ಯಾರಿಗೂ ಗೊತ್ತೇ ಆಗಲ್ಲ. ಆಮೇಲೆ ನನ್ನ ಮಾತಿಗೇನು ಬೆಲೆ? ನಿಮ್ಮ ಮುಖ ನೋಡಿ ನಾಲ್ಕು. ಪಾತ್ರೆಯಾದ್ರೂ ಅಲುಗಾಡಬೇಕು.

ದರ್ಜಿ: ನಾಲ್ಕೂವರೆ ಮಾಡಿ ಮೇಷ್ಟ್ರೆ. ಬಣ್ಣ ಹೊಡೆದದ್ದು ಇವರ ಅಳಿಯ. ಒಂದಿಷ್ಟು ಉದುರಲಿ.

ಕಾರ್ಯದರ್ಶಿಯ ಮುಖ ಸಿಂಡರಿಸಿತು. ಅವರು ಮೂರನೇ ಮಹಡಿಯ ಕಿಟಕಿಗೆ ಬೆರಳು ತೋರಿಸಿದರು.

ಕಾರ್ಯದರ್ಶಿ: ಸ್ವಂತ ಹೆಂಡತೀನೇ ನಂಬದ ಭೂಕಂಪಕ್ಕೆ ನಾವ್ಯಾಕೆ ಸಂಡಿಗೆ ಥರ ಒಣಗಬೇಕು? ಅವರು ಇಳಿದರೆ ಕೂರ್ತೀವಿ. ಇಲ್ಲ ಅಂದ್ರೆ ಹೊರಟ್ವಿ. ಇನ್ಮೇಲೆ ಸಂಘದ ಸಭೆಯಲ್ಲಿ ನೀವು ಬಾಯಿ ತೆಗೆಯೋ ಹಾಗಿಲ್ಲ.

ನಿವೃತ್ತಿಯಾದ ಮೇಲೆ ಎದ್ದು ನಿಂತು ಮಾತಾಡಲು ಮೇಷ್ಟ್ರಿಗೆ ಉಳಿದಿದ್ದ ಜಾಗ ಅದೊಂದೇ.

ಮೇಷ್ಟ್ರು: (ಮೇಲಕ್ಕೆ) ಲೇ, ನನ್ನ ಮಾನ ಹೋಗ್ತಾ ಇದೆ.

ಹೆಂಡತಿ: (ದನಿ ಮಾತ್ರ) ಅದು ಪೂರ್ತಿ ಹೋಗೋ ಅಷ್ಟರಲ್ಲಿ ಬಂದ್ಬಿಡ್ತೀನಿ.

ಮೇಷ್ಟ್ರು: ಕಟ್ಟಡ ನಡುಗುತ್ತೆ ಕಣೇ.

ಹೆಂಡತಿ: ಅದಕ್ಕೇ ರೀ ತಡ ಆಗ್ತಿರೋದು.

ಇದನ್ನು ಮೇಷ್ಟ್ರು ಕೊಂಕೆಂದೇ ತಿಳಿದರು. ರಟ್ಟೆ ಹಿಡಿದು ಕರೆತರುತ್ತೇನೆಂದು ಘೋಷಿಸಿ, ಬುಸುಗುಟ್ಟುತ್ತ ಮೆಟ್ಟಿಲು ಹತ್ತಿದರು.

ದರ್ಜಿ: ನಡುಗುತ್ತೆ ಅಂದವರೇ ಒಳಗೆ ಹೋದ್ರಲ್ಲ.

ಕಾರ್ಯದರ್ಶಿ: ಹಾಗಾದ್ರೆ ರದ್ದಾಯ್ತು. ಏಳಿ, ಏಳಿ.

ಕುರ್ಚಿ, ಚಾಪೆ, ಗಿಳಿ, ಅಜ್ಜಿ, ಸಕಲವೂ ಮೇಷ್ಟ್ರ ಬೆನ್ನಿಗೇ ಕಟ್ಟಡ ಸೇರಿತು.

ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ನೆಲದ ಮೇಲೆ ಹಾಸಿಗೆ ಹಾಸಿತ್ತು. ಅದರ ತುಂಬ ಬಟ್ಟಲು, ಲೋಟ, ಜಾಡಿಗಳು, ಒಂದೊಂದೂ ಟವೆಲಿನಲ್ಲೋ ಮೇಷ್ಟ್ರ ಪೈಜಾಮದಲ್ಲೋ ಸುತ್ತಿಕೊಂಡು ಮಲಗಿದ್ದವು. ಹೆಂಡತಿ ಸ್ಟೂಲಿನ ಮೇಲೆ ನಿಂತು ಅಟ್ಟಕ್ಕೆ ಕೈ ಹಾಕಿದ್ದಳು.

ಮೇಷ್ಟ್ರು: ಏನಿದು?

ಹೆಂಡತಿ: ನಡುಗುತ್ತೆ ಅಂದಿದ್ದು ನೀವೇ ತಾನೆ? ಅಮ್ಮ ಕೊಟ್ಟ ಪಿಂಗಾಣಿ ರೀ ಇದು. ಹಿಡ್ಕೊಳ್ಳಿ ಈ ತಟ್ಟೇನ, ನಿಧಾನ.

ಮೇಷ್ಟ್ರು: ಅಂದ್ರೆ... ನೀನು ನಂಬಿದ್ಯಾ?

ಹೆಂಡತಿ: ನಂಬದೇ ಇದ್ದಿದ್ರೆ ನಾನೂ ಕೆಳಗೆ ಹರಟೆ ಹೊಡೀತಾ ಕೂತಿರ್ತಿದ್ದೆ.

ಮೇಷ್ಟ್ರು ತಟ್ಟೆಯನ್ನು ಮಗುವಿನಂತೆ ಎದೆಗೊತ್ತಿಕೊಂಡರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಮೆಚ್ಚುಗೆ ಸಿಕ್ಕರೆ ಇನ್ನೊಂದಕ್ಕೆ ಕೈಚಾಚುವ ಜೀವ ಅದು.

ಮೇಷ್ಟ್ರು: ಆದ್ರೂ, ನಾನು ಅಷ್ಟು ಗಂಟಲು ಹರಿದುಕೊಂಡ್ರೂ ನೀನು ಇದನ್ನ ಬಿಟ್ಟು ಬರಲಿಲ್ಲ. ನನಗಿಂತ ಈ ಪಿಂಗಾಣಿ ಹೆಚ್ಚಾ ನಿನಗೆ?

ಹೆಂಡತಿ: ನೀವು ಎಷ್ಟೋ ಸಲ ಬಿದ್ದಿದೀರಿ. ಒಂದು ಸಲನಾದ್ರೂ ಒಡೆದು ಹೋಗಿದೀರಾ?