ಮಿಸ್‌ಗೆ ನಮ್ಮ ಮಾತು ಬರತ್ತಾ?

ಎಲ್ಲ ಶುರುವಾದದ್ದು ಐದು ವರ್ಷದ ಸಲೋಮೆಯ ಒಂದು ಪ್ರಶ್ನೆಯಿಂದ. ಬುಕಾರಮಾಂಗಾ ಎಂಬ ಊರಿನ ಆ ಶಿಶುವಿಹಾರದಲ್ಲಿ ಮಕ್ಕಳ ಪ್ರಶ್ನೆಯೇ ಪಾಠ. ಮಕ್ಕಳು ಕೇಳಬೇಕು, ಪ್ರಯೋಗ ಮಾಡಿ ಮಕ್ಕಳೇ ಉತ್ತರ ಕಂಡುಕೊಳ್ಳಬೇಕು, ದೊಡ್ಡವರು ನಡುವೆ ಬಾಯಿ ಹಾಕಬಾರದು. ಹೋದ ವಾರ ಮೋಡ ಯಾಕೆ ಬೀಳುವುದಿಲ್ಲ ಎಂದು ಕೇಳಿದ್ದ ಸಲೋಮೆ, ಈ ಗುರುವಾರ ಬೆಳಿಗ್ಗೆ ಕೈಯೆತ್ತಿದಳು.

“ಮಿಸ್ ಯೊಲಿಮಾಗೆ ನಮ್ಮ ಮಾತು ಬರತ್ತಾ?”

ಬಾರದೆ ಏನು. ಯೊಲಿಮಾ ಹುಟ್ಟಿದ್ದೇ ಅಲ್ಲಿಂದ ನಾಲ್ಕು ಬೀದಿ ಆಚೆ. ಅವಳ ತಾಯಿ ಸ್ಪ್ಯಾನಿಷ್‌ನಲ್ಲಿ ಬೈಯಲು ನಿಂತರೆ ಬೀದಿನಾಯಿಗಳೂ ದಾರಿ ಬದಲಿಸುತ್ತಿದ್ದವು. ಆದರೆ ಶಾಲೆಯಲ್ಲಿ ಎರಡು ಕೋಣೆ, ಒಂದು ಸ್ಪ್ಯಾನಿಷ್‌ಗೆ, ಒಂದು ಇಂಗ್ಲಿಷಿಗೆ. ಯೊಲಿಮಾ ಇಂಗ್ಲಿಷ್ ಕೋಣೆಯವಳು. ಇಂಗ್ಲಿಷ್ ಕೋಣೆಯ ಮಿಸ್‌ಗೆ ಸ್ಪ್ಯಾನಿಷ್ ಗೊತ್ತೆಂದು ತಿಳಿದರೆ ಮಕ್ಕಳು ಇಂಗ್ಲಿಷ್ ಮಾತಾಡುವ ಕಷ್ಟಕ್ಕೇ ಹೋಗುವುದಿಲ್ಲವಂತೆ. ಹಾಗಾಗಿ ಮೂರು ವರ್ಷದಿಂದ ಅವಳು ತನ್ನದೇ ಭಾಷೆ ತಿಳಿಯದವಳಂತೆ ಬದುಕುತ್ತಿದ್ದಳು. ಚರ್ಚಿನಲ್ಲಿ ಪಕ್ಕದ ಬೆಂಚಿನಲ್ಲಿ ಶಾಲೆಯ ಮಗು ಕಂಡರೆ ದೇವರ ಹತ್ತಿರವೂ ಬರೀ ತುಟಿ ಆಡಿಸಿ ಎದ್ದುಬರುತ್ತಿದ್ದಳು. ಹಗಲೆಲ್ಲ ನುಂಗಿದ ಮಾತು ರಾತ್ರಿ ಗಂಡನ ಮುಂದೆಯೂ ಹೊರಡುತ್ತಿರಲಿಲ್ಲ, ಎದೆಯಲ್ಲೇ ಹೆಪ್ಪುಗಟ್ಟುತ್ತಿತ್ತು.

ಸ್ಪ್ಯಾನಿಷ್ ಕೋಣೆಯ ಟೀಚರ್‌ಗೆ ಸೋಮವಾರದಿಂದ ಹೆರಿಗೆ ರಜೆ. ಆ ಜಾಗ ತನಗೆ ಬೇಕೆಂದು ಯೊಲಿಮಾ ಆಗಲೇ ಮೂರು ಸಲ ಕೇಳಿದ್ದಳು. ಮುಖ್ಯಸ್ಥೆ ಡೋನ್ಯಾ ಲಿಗಿಯಾ ಅವಳನ್ನು ಬಾಗಿಲ ಮರೆಗೆ ಎಳೆದಳು.

“ಒಳ್ಳೇ ಪ್ರಶ್ನೆ ಕಣೆ. ಎರಡು ಗಂಟೆಗೆ ಅಪ್ಪ ಅಮ್ಮಂದಿರು ಮಕ್ಕಳ ಉತ್ತರ ಕೇಳೋಕೆ ಬರ್ತಾರೆ. ಅಲ್ಲೀವರೆಗೂ ಒಂದು ಮಾತು ಜಾರಬಾರ್ದು. ತಡ್ಕೊಂಡ್ರೆ ಸ್ಪ್ಯಾನಿಷ್ ಕೋಣೆ ನಿಂದು. ಜಾರಿದ್ರೆ ಈ ಕೆಲಸವೂ ಇಲ್ಲ.”

ಪ್ರಯೋಗಗಳು ಶುರುವಾದವು. ಹೆರೋನಿಮೋ ಎಂಬ ಪುಟ್ಟ ಎದುರು ನಿಂತು ಸ್ಪ್ಯಾನಿಷ್‌ನಲ್ಲಿ, “ಮಿಸ್, ನಿಮ್ಮ ಮೂಗಲ್ಲಿ ಏನೋ ಇದೆ,” ಎಂದ. ಯೊಲಿಮಾ ಮೂಗು ಮುಟ್ಟಲಿಲ್ಲ. ಸಲೋಮೆ ಪುಸ್ತಕದಲ್ಲಿ ಒಂದು ಕತ್ತರಿ ಗುರುತು ಹಾಕಿದಳು. ಆಮೇಲೆ, “ನಿಮ್ಮ ಕುತ್ತಿಗೆ ಮೇಲೆ ಇರುವೆ ಹೋಗ್ತಿದೆ.” ನಿಜವಾಗಿಯೂ ಹೋಗುತ್ತಿತ್ತು, ಊರವರು ಹುರಿದು ತಿನ್ನುವ ದಪ್ಪ ಜಾತಿಯದು. ಅದು ಬೆನ್ನಿನೊಳಗೆ ಇಳಿದು ಕಚ್ಚುವವರೆಗೂ ಯೊಲಿಮಾ ಬಣ್ಣಗಳ ಹೆಸರು ಹೇಳಿಕೊಡುತ್ತಲೇ ಇದ್ದಳು, ಕಚ್ಚಿದ ಮೇಲೂ.

“ಮಿಸ್, ಆ ಕುರ್ಚಿ ಮೇಲೆ ನೀಲಿ ಬಣ್ಣ ಚೆಲ್ಲಿದೆ, ಕೂರಬೇಡಿ.”

ಇಪ್ಪತ್ತು ಮಕ್ಕಳು ಉಸಿರು ಬಿಗಿಹಿಡಿದರು. ಯೊಲಿಮಾ ಒಂದು ಗಳಿಗೆ ತನ್ನ ಹೊಸ ಬಿಳಿ ಲಂಗವನ್ನು ನೆನೆದಳು. ಕೂತಳು.

ಊಟ ತಂದ ಅಡುಗೆಯ ಎರ್ಸಿಲಿಯಾಗೆ ಆಟ ತಿಳಿಯಲು ತಡವಾಗಲಿಲ್ಲ.

“ಮಕ್ಕಳೇ, ಇವತ್ತು ಬಟ್ಟಲು ತೊಳೆಯೋರು ನಿಮ್ಮ ಮಿಸ್. ಆಗಲ್ಲ ಅನ್ನೋದಾದ್ರೆ ಈಗಲೇ ಹೇಳ್ಬಿಡ್ಲಿ.” ಸೊಂಟಕ್ಕೆ ಕೈಯಿಟ್ಟು ಕಾದಳು. “ಒಪ್ಕೊಂಡ್ರು ನೋಡಿ, ಪಾಪ. ಈ ಲಂಗದಲ್ಲಿ ನೀಲಿ ಪೀಪಾಯಿ ಥರ ಕಾಣ್ತಾರೆ ಅಂತ ಹೇಳಿ, ನಗ್ತಾರೇನೋ.”

ಹೇಳಿದರು. ಯೊಲಿಮಾ ಏನೂ ತಿಳಿಯದವಳಂತೆ ನಕ್ಕಳು. ಕೈಗೆ ತುರುಕಿದ ಬಟ್ಟಲನ್ನೂ ತೊಳೆದಳು, ಒಂದೊಂದನ್ನೂ ಎರ್ಸಿಲಿಯಾಳ ಕುತ್ತಿಗೆಯೆಂದು ಭಾವಿಸಿ.

ಎರಡು ಗಂಟೆಗೆ ಹೆತ್ತವರ ಮುಂದೆ ಸಲೋಮೆ ಪುಸ್ತಕ ಬಿಡಿಸಿದಳು. “ಎಂಟು ಪ್ರಯೋಗ ಮಾಡಿದ್ವಿ. ಬಣ್ಣ ಇದೆ ಅಂದ್ರೂ ಅದ್ರ ಮೇಲೇ ಕೂತ್ರು. ಅರ್ಥ ಆಗೋರು ಕೂರ್ತಾರಾ? ಮಿಸ್‌ಗೆ ನಮ್ಮ ಮಾತು ಒಂಚೂರೂ ಬರಲ್ಲ.” ಚಪ್ಪಾಳೆಯೋ ಚಪ್ಪಾಳೆ. ವಕೀಲನಾಗಿದ್ದ ಒಬ್ಬ ತಂದೆ, ಸಾಕ್ಷ್ಯ ಗಟ್ಟಿಯಾಗಿದೆ ಎಂದ.

ಯೊಲಿಮಾ ನೇರ ಮುಖ್ಯಸ್ಥೆಯ ಕೋಣೆಗೆ ಹೋಗಿ ಬಾಗಿಲು ಹಾಕಿದಳು. “ಸೋಮವಾರದಿಂದ ಆ ಕೋಣೆಗೆ ಹೋಗ್ಲಾ?”

ಡೋನ್ಯಾ ಲಿಗಿಯಾ ಕನ್ನಡಕ ತೆಗೆದಳು. “ಹೇಗೆ ಕಳಿಸ್ಲಿ ಹೇಳು. ನಿಂಗೆ ಸ್ಪ್ಯಾನಿಷ್ ಬರಲ್ಲ ಅಂತ ಮಕ್ಕಳೇ ಕಂಡುಹಿಡಿದಿದ್ದಾರೆ. ಅವರು ಕಂಡುಕೊಂಡಿದ್ದನ್ನ ನಾವು ಸುಳ್ಳು ಅಂದ್ರೆ ನಮ್ಮ ಪದ್ಧತಿ ಏನಾಗ್ಬೇಕು?”

“ಮಾತು ಕೊಟ್ಟಿದ್ರಿ.”

“ಕೊಟ್ಟಾಗ ನೀನು ಇಷ್ಟು ಚೆನ್ನಾಗಿ ಮಾಡ್ತೀಯ ಅಂದ್ಕೊಂಡಿರಲಿಲ್ಲ.”

ಆಗ ಕಟ್ಟೆಯೊಡೆಯಿತು. ಮೂರು ವರ್ಷದ ಸ್ಪ್ಯಾನಿಷ್, ತಾಯಿಯಿಂದ ಬಂದದ್ದು, ಸಂತೆಯಲ್ಲಿ ಕಲಿತದ್ದು, ತಾನೇ ಹೊಸೆದದ್ದು, ಎಲ್ಲ ಒಟ್ಟಿಗೆ ಹೊರಬಂತು. ಪದ್ಧತಿಗೆ, ಲಂಗಕ್ಕೆ, ಇರುವೆಗೆ, ಲಿಗಿಯಾಳ ಹಿಂದಿನ ಏಳು ತಲೆಮಾರಿಗೆ. ಲಿಗಿಯಾ ಎದ್ದು ಕಿಟಕಿ ಮುಚ್ಚಿ ಬಂದು ಕೂತಳು. ಎಷ್ಟೋ ದಿನದ ಮೇಲೆ ಯೊಲಿಮಾಳ ಎದೆ ಹಗುರವಾಗಿತ್ತು.

“ಮುಗೀತಾ? ಸದ್ಯ, ಹೊರಗಿನ ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ.”

ಬಾಗಿಲು ತಟ್ಟಿದ ಸದ್ದು. ಸಲೋಮೆ, ಹಿಂದೆ ಹೆರೋನಿಮೋ. ಇಬ್ಬರ ಮುಖದಲ್ಲೂ ಕರುಣೆ ತುಂಬಿತ್ತು.

“ಡೋನ್ಯಾ ಲಿಗಿಯಾ, ಹೊಸ ಪ್ರಶ್ನೆ ಸಿಕ್ತು. ಮಿಸ್‌ಗೆ ನಮ್ಮ ಮಾತು ಕಲಿಸೋದು ಹೇಗೆ?”

“ತುಂಬಾ ಒಳ್ಳೇ ಪ್ರಶ್ನೆ,” ಎಂದಳು ಲಿಗಿಯಾ. “ಎಷ್ಟು ದಿನ ಬೇಕಾಗ್ಬಹುದು?”

ಹೆರೋನಿಮೋ ಯೊಲಿಮಾಳನ್ನು ಮೇಲಿಂದ ಕೆಳಗೆ, ನೀಲಿ ಲಂಗದವರೆಗೆ ನೋಡಿದ. “ವರ್ಷ ಆಗತ್ತೆ. ಸ್ವಲ್ಪ ದಡ್ಡರು.”

ಸಲೋಮೆ ಮಿಸ್‌ನ ಕೈ ಹಿಡಿದು ಮೇಜಿನ ಮೇಲೆ ಇಡಿಸಿದಳು. ಬಾಯಿ ಅಗಲ ಮಾಡಿ, ತೀರಾ ನಿಧಾನವಾಗಿ, ಮೇಜಿಗೆ ತಮ್ಮಲ್ಲಿ ಏನೆನ್ನುತ್ತಾರೆಂದು ಹೇಳಿಕೊಟ್ಟಳು. “ಮೇ... ಸಾ. ಹೇಳಿ ಮಿಸ್, ಹೆದರಬೇಡಿ.”

ಯೊಲಿಮಾ ಹಲ್ಲು ಕಚ್ಚಿ ಮುಖ್ಯಸ್ಥೆಯನ್ನು ಒಮ್ಮೆ ನೋಡಿದಳು. ಆಮೇಲೆ ಆ ಪದವನ್ನು ತಪ್ಪಾಗಿ ಹೇಳಿದಳು.